ಪಾಠ ಹೇಳಲು ಪರದೇಶವೇ ಆಗಬೇಕೆ?

ಬೆಂಗಳೂರಿನ, ಮೈಸೂರಿನ ಕನ್ನಡದ ತಮ್ಮಂದಿರೇ, ತಂಗಿಯರೇ,

ನಾನು ಹುಣಸೂರಿನಲ್ಲಿ ಪ್ರೆಸ್ಸು ಇಟ್ಟುಕೊಂಡವನು. ಓದಿದ್ದು ಪಿಯುಸಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಪೋಸ್ಟರು ಅಚ್ಚು ಹಾಕಿ ಹೊಟ್ಟೆ ಹೊರೆಯುತ್ತೇನೆ. ಹೋದ ತಿಂಗಳು ಒಂದು ಕರಪತ್ರ ಪ್ರಿಂಟಿಗೆ ಬಂತು. ಡಿಗ್ರಿ ಮುಗಿಸಿದವರು ಗ್ಯಾಪ್ ಇಯರ್ ವ್ಯರ್ಥ ಮಾಡಬಾರದಂತೆ. ವಿದೇಶಕ್ಕೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸಬೇಕಂತೆ. ಆತ್ಮವಿಶ್ವಾಸ ಬರುತ್ತದಂತೆ, ಸರ್ಟಿಫಿಕೇಟೂ ಸಿಗುತ್ತದಂತೆ. ಕೆಳಗೆ ಸಣ್ಣ ಅಕ್ಷರದಲ್ಲಿ ಶುಲ್ಕ! ಪಾಠ ಹೇಳುವವನೇ ದುಡ್ಡು ಕಟ್ಟಬೇಕು! ಅಚ್ಚು ಹಾಕಿ ಕೊಟ್ಟೆ, ಕೂಲಿಯನ್ನೂ ತೆಗೆದುಕೊಂಡೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪರದೇಶದಲ್ಲಿ ಪಾಠ ಹೇಳುವುದು ತಪ್ಪು ಎನ್ನುವಷ್ಟು ದಡ್ಡ ನಾನಲ್ಲ. ಇಂಗ್ಲೆಂಡಿನವರು 1958ರಲ್ಲೇ ಹದಿನೆಂಟು ವರ್ಷದ ಹುಡುಗರನ್ನು ದೂರದೇಶಗಳಿಗೆ ಸೇವೆಗೆ ಕಳಿಸಲು ಶುರುಮಾಡಿದರು. ಅಮೆರಿಕದ ಪೀಸ್ ಕೋರ್ 1961ರಲ್ಲಿ ಹುಟ್ಟಿತು. ಅದರ ಹುಡುಗ ಹುಡುಗಿಯರು 1976ರವರೆಗೆ ನಮ್ಮ ದೇಶದಲ್ಲೂ ಕೆಲಸ ಮಾಡಿದರು. ಅವರು ಬರುವ ಮುಂಚೆ ಏನು ಮಾಡುತ್ತಿದ್ದರು ಗೊತ್ತೆ? ಹೋಗುವ ಊರಿನ ಭಾಷೆ ಕಲಿಯುತ್ತಿದ್ದರು!

ಇನ್ನೂ ಹಿಂದಕ್ಕೆ ಹೋಗಿ. 1853ರಲ್ಲಿ ಜರ್ಮನಿಯ ಇಪ್ಪತ್ತೊಂದು ವರ್ಷದ ಹುಡುಗನೊಬ್ಬ ಬಾಸೆಲ್ ಮಿಶನ್ನಿನಿಂದ ನಮ್ಮ ನಾಡಿಗೆ ಬಂದ. ಬೋಧಿಸಲು ಬಂದವನು ಕಲಿಯುವುದಕ್ಕೆ ಕೂತ. ಹಳ್ಳಿಯವರ ಮಾತು ಬರೆದುಕೊಂಡ, ಹಳಗನ್ನಡ ಓದಿದ. 1894ರಲ್ಲಿ ಮಂಗಳೂರಿನಲ್ಲಿ ಅವನ ಕನ್ನಡ ನಿಘಂಟು ಅಚ್ಚಾಯಿತು. ಅವನೇ ಕಿಟೆಲ್! ಪಾಠ ಹೇಳುವುದರಿಂದ ಮೊದಲ ಲಾಭ ಮೇಷ್ಟ್ರಿಗೇ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಈಗ ನಮ್ಮ ಮಗ್ಗುಲಿಗೆ ಬನ್ನಿ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರ ನೆಲ ಕೊಟ್ಟಿತು. ಅಲ್ಲಿಯ ಮಠಗಳಲ್ಲಿ ಮರಿ ಸನ್ಯಾಸಿಗಳಿಗೆ ಇಂಗ್ಲಿಷ್ ಕಲಿಸಲು ಬಿಳಿಯ ಹುಡುಗ ಹುಡುಗಿಯರು ಬರುತ್ತಾರೆ. ಅಲ್ಲಿ ತಂಗಲು ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ವಿಶೇಷ ಪರವಾನಗಿ ಬೇಕು. ವಿಮಾನ ಹತ್ತಿ, ವೀಸಾಕ್ಕೆ ಅಲೆದು, ಪರ್ಮಿಟ್ಟಿಗೆ ಕಾದು ಅವರು ಪಿರಿಯಾಪಟ್ಟಣಕ್ಕೆ ಬರಬಲ್ಲರು. ನಿಮಗೆ ಬೇಕಾದ್ದು ಒಂದು ಬಸ್ ಟಿಕೆಟ್ಟು. ನೀವು ಬಂದಿದ್ದೀರಾ? ಬಂದಿದ್ದೀರಿ. ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತೆಗೆದುಕೊಂಡು, ಮೋಮೋ ತಿಂದು, ಕೂರ್ಗಿಗೆ ಹೋಗಿದ್ದೀರಿ!

ಕೋಪ ಬಂತೆ? ಬರಲಿ. ಮುಂದೆ ಕೇಳಿ.

ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ವರ್ಷ. ಆಗ ಅದಕ್ಕೆ ಗ್ಯಾಪ್ ಇಯರ್ ಎಂಬ ಹೆಸರಿರಲಿಲ್ಲ, ದಂಡಪಿಂಡ ಎನ್ನುತ್ತಿದ್ದರು. ಅಪ್ಪನ ಪ್ರೆಸ್ಸಿನಲ್ಲಿ ಇನ್ನೂ ಸೀಸದ ಮೊಳೆ ಜೋಡಿಸುವ ಕಾಲ. ಕಾಡಂಚಿನ ಹಾಡಿಯಿಂದ ಜೇನುಕುರುಬರ ಹುಡುಗನೊಬ್ಬ ಕಸ ಗುಡಿಸಲು ಬಂದ. ನಾಲ್ಕನೇ ಕ್ಲಾಸು ಮುಗಿಸಿದ್ದ, ಆದರೆ ತನ್ನ ಹೆಸರು ಓದಲು ಬರುತ್ತಿರಲಿಲ್ಲ. ತಪ್ಪು ಅವನದಲ್ಲ. ಮನೆಯ ನುಡಿ ಬೇರೆ, ಪುಸ್ತಕದ ಕನ್ನಡ ಬೇರೆ, ಎಲ್ಲ ಕ್ಲಾಸಿಗೂ ಸೇರಿ ಒಬ್ಬರೇ ಮೇಷ್ಟ್ರು. ಮಧ್ಯಾಹ್ನದ ಹೊತ್ತು ಅವನನ್ನು ಕೂರಿಸಿಕೊಂಡು ಒಂದೊಂದೇ ಮೊಳೆ ಕೈಗೆ ಕೊಟ್ಟೆ. ಕ, ಕಾ, ಕಿ. ಎಂಟು ತಿಂಗಳಿಗೆ ಉಲ್ಟಾ ಅಕ್ಷರವನ್ನೂ ಸರಾಗವಾಗಿ ಓದಿದ. 'ಅವನು', 'ಇವನು', 'ಅವರು' ಯಾವಾಗ ಯಾವುದು ಎಂದು ಅವನು ಕೇಳಿದಾಗ ನಾನು ತಡವರಿಸಿದೆ. ದೂರ, ಹತ್ತಿರ, ಮರ್ಯಾದೆ ಎಲ್ಲವನ್ನೂ ನಮ್ಮ ಭಾಷೆ ಒಂದೇ ಮಾತಿನಲ್ಲಿ ಹಿಡಿದಿದೆ ಎಂದು ಅವತ್ತೇ ನನಗೆ ಹೊಳೆದದ್ದು. ಕಾಲೇಜಿನಲ್ಲಿ ಎರಡು ವರ್ಷ ಕೂತರೂ ಬಾರದ ಧೈರ್ಯ, ತಾಳ್ಮೆ ಆ ಎಂಟು ತಿಂಗಳಲ್ಲಿ ಬಂತು. ಶುಲ್ಕ ಸೊನ್ನೆ!

ಈಗ ಅವನ ಮಗಳು ಎಂಟನೇ ಕ್ಲಾಸು. ಮೊನ್ನೆ ಪ್ರೆಸ್ಸಿಗೆ ಬಂದು ಕೇಳಿದ: "ಅಣ್ಣ, ಮಗೀಗೆ ಲೆಕ್ಕ, ಇಂಗ್ಲಿಷು ಹೇಳ್ಕೊಡೋರು ಯಾರಾದ್ರೂ ಅವ್ರಾ?" ಅವನಿಗೆ ಏನು ಹೇಳಲಿ? ಇದ್ದಾರಪ್ಪ, ಆದರೆ ಎಲ್ಲರೂ ಥಾಯ್ಲೆಂಡಿಗೆ ಅರ್ಜಿ ಹಾಕಿದ್ದಾರೆ ಎನ್ನಲೇ?

ನಾಲ್ಕು ತಾಲ್ಲೂಕು ಸುತ್ತಿ ನೋಡಿ. ಕೋಟೆಯ ಹಾಡಿಗಳು, ನಾಗರಹೊಳೆ ಕಾಡು ಬಿಟ್ಟು ಬಂದವರ ನಾಗಾಪುರ. ಹುಣಸೂರು, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿಗೆ ಬೆಂಕಿ ಬಿದ್ದರೆ ಹಿಂದಿನ ಬೆಂಚು ಖಾಲಿ. ಕೆ.ಆರ್.ನಗರದ ಗದ್ದೆ ಬಯಲಿಗೆ ಇಂಗ್ಲಿಷ್ ಹೆಸರಿನ ಶಾಲೆಯ ಹಳದಿ ವ್ಯಾನು ಬರುತ್ತದೆ, ಕನ್ನಡ ಶಾಲೆಯಲ್ಲಿ ಹಾಜರಿ ಇಳಿಯುತ್ತದೆ. 1973ರ ನವೆಂಬರ್ 1ರಂದು ಈ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದವರು ನಮ್ಮ ಹುಣಸೂರಿನ ದೇವರಾಜ ಅರಸರು. ಹೆಸರೇನೋ ಬಂತು. ಆ ಹೆಸರನ್ನು ಓದಲು ಬಾರದ ಮಕ್ಕಳು ಇನ್ನೂ ಇದ್ದರೆ ಅದು ಯಾರಿಗೆ ಅವಮಾನ?

ಆಗದ ಕೆಲಸವೇನಲ್ಲ. 1984ರಲ್ಲಿ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಕೋಟೆ ಕಾಡಂಚಿನ ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳಿಗೆ ಶಾಲೆ ಎದ್ದಿತು. ಅವರೂ ನಿಮ್ಮ ವಯಸ್ಸಿನವರೇ ಆಗಿದ್ದರು.

ಆದರೆ ಒಂದು ಮಾತು. ಹದಿನೈದು ದಿನ ಬಂದು, ಮಕ್ಕಳ ಜೊತೆ ಫೋಟೋ ಹೊಡೆದುಕೊಂಡು ಹೋಗುವವರು ದಯವಿಟ್ಟು ಬರಬೇಡಿ. ಮಕ್ಕಳು ಹಚ್ಚಿಕೊಳ್ಳುತ್ತವೆ, ಆಮೇಲೆ ದಾರಿ ಕಾಯುತ್ತವೆ. ಕಡೇಪಕ್ಷ ಜೂನ್‌ನಿಂದ ಒಂದು ಪೂರ್ತಿ ಶಾಲಾ ವರ್ಷ ನಿಲ್ಲುವವರು ಬನ್ನಿ. ಬಿಇಓ ಕಚೇರಿಯಲ್ಲಿ, ಹೆಡ್‌ಮಾಸ್ಟರ ಹತ್ತಿರ ಲಿಖಿತ ಒಪ್ಪಿಗೆ ಪಡೆಯಿರಿ. ಮೊದಲ ತಿಂಗಳು ಹಾಡಿಯ ನುಡಿ ಕಲಿಯಿರಿ. ಇದ್ದ ಮೇಷ್ಟ್ರ ಜಾಗ ಕಿತ್ತುಕೊಳ್ಳಬೇಡಿ, ಅವರ ಕೈಗೆ ಆಸರೆಯಾಗಿ.

ಪರದೇಶಕ್ಕೆ ಹೋಗಲೇಬೇಕೆ? ಹೋಗಿ ಬನ್ನಿ. ಆದರೆ ದುಬೈಯಲ್ಲಿ, ಅಮೆರಿಕದ ಊರುಗಳಲ್ಲಿ ಕನ್ನಡಿಗರು ರಜೆಯ ದಿನ ತಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸುವ ತರಗತಿಗಳಿವೆ. ಅಲ್ಲೂ ಒಂದು ಗಂಟೆ ಪಾಠ ಹೇಳಿ.

ಹೋಗುವ ಮುಂಚೆ ಇತ್ತ ಒಂದು ಸಾರಿ ಬನ್ನಿ. ಮೈಸೂರಿನಿಂದ ಹುಣಸೂರಿಗೆ 45 ಕಿಲೋಮೀಟರ್. ವೀಸಾ ಬೇಡ, ಏಜೆಂಟ್ ಬೇಡ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಲೆಕ್ಕದ ಪುಸ್ತಕ ತೆರೆದು ಕಾಯುತ್ತಿದ್ದಾಳೆ.