ಕ್ರಿಸ್ಮಸ್ ಊಟಕ್ಕೆ ಒಂದು ಹೆಚ್ಚಿನ ತಟ್ಟೆ

ಪರಊರಿನಲ್ಲಿ ಹಬ್ಬದೂಟಕ್ಕೆ ನೆಂಟರನ್ನು ಕರೆಯುವುದೆಂದರೆ ಮೊದಲು ಕುರ್ಚಿಗಳ ಲೆಕ್ಕ, ಆಮೇಲೆ ಅಡಿಗೆಯ ಲೆಕ್ಕ. ಮುಂಬಯಿಯ ನಮ್ಮ ಎರಡು ಕೋಣೆಗಳ ಮನೆಯಲ್ಲಿ ಹನ್ನೊಂದು ಮಂದಿ ಕುಳಿತು ಉಣ್ಣಬೇಕಾದರೆ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಲೇಬೇಕು. 2025ರ ಕ್ರಿಸ್ಮಸ್ಸಿಗೆ ಪುಣೆಯಿಂದ ಅಕ್ಕನ ಸಂಸಾರ, ಉಡುಪಿಯಿಂದ ತಂದೆಯವರು ಬರುವುದೆಂದು ನಿಶ್ಚಯವಾದಾಗ ನಾವು ಇದೇ ಲೆಕ್ಕದಲ್ಲಿ ಮುಳುಗಿದ್ದೆವು.

ಅದು ಅಮ್ಮನಿಲ್ಲದ ಮೊದಲನೆಯ ಕ್ರಿಸ್ಮಸ್. ಫೆಬ್ರವರಿಯಲ್ಲಿ ನಮ್ಮಲ್ಲಿಗೆ ಬಂದಿದ್ದಾಗಲೇ ಕಾಯಿಲೆ ಬಿದ್ದು, ಮೂರು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡಿದ್ದರು. “ಈ ವರುಷ ಹಬ್ಬ ಬೇಡ” ಎಂದು ತಂದೆಯವರು ಎರಡು ಸಲ ಫೋನಿನಲ್ಲಿ ಹೇಳಿದರು. ಮೊಮ್ಮಕ್ಕಳು ಕೇಳಬೇಕಲ್ಲ! ಬರುವಾಗ ಅವರ ಚೀಲದಲ್ಲಿ ಕಾಗದದಲ್ಲಿ ಸುತ್ತಿದ ಒಂದು ಬಾಚಣಿಗೆ ಇತ್ತು. ಕಲ್‌ಕಲ್ ಮಾಡುವಾಗ ಹಿಟ್ಟಿನ ಉಂಡೆಯನ್ನು ಒತ್ತಿ ಸುರುಳಿ ಸುತ್ತಲೆಂದೇ ಅಮ್ಮ ಬೇರೆಯಾಗಿ ಇಟ್ಟುಕೊಂಡಿದ್ದುದು ಅದು. ಅಕ್ಕ ಅದನ್ನು ತೊಳೆದಳು. ಯಾರೂ ಹೆಚ್ಚು ಮಾತನಾಡಲಿಲ್ಲ.

ಹಬ್ಬದ ಹಿಂದಿನ ರಾತ್ರಿ ತಟ್ಟೆಗಳನ್ನು ಎಣಿಸುತ್ತಿದ್ದ ನಮ್ಮ ಕಿರಿಯ ಮಗಳು ಹನ್ನೆರಡು ಇಟ್ಟಳು. ಹೆಚ್ಚಾಯಿತೆಂದರೆ, “ಎದುರುಮನೆ ಮಾವಶಿ ಬರುವುದಿಲ್ಲವೇ?” ಎಂದಳು.

ನಮಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಮೂರು ವಾರವೂ ಮಾವಶಿ ಪ್ರತಿದಿನ ಎರಡು ಡಬ್ಬಿಗಳಲ್ಲಿ ಭಾಕರಿ, ಆಮ್ಟಿ ಕಟ್ಟಿಕೊಟ್ಟಿದ್ದರು. ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತಂದಿದ್ದರು. ಒಂದು ದಿನ ಹೋಗಿ ಸರಿಯಾಗಿ ಮಾತನಾಡೋಣವೆಂದು ಹತ್ತು ತಿಂಗಳು ಕಳೆದಿದ್ದೆವು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂದು ಆ ಡಬ್ಬಿಗಳು ಕೂಡ ನಮ್ಮ ಅಟ್ಟದ ಮೇಲೆಯೇ ಇದ್ದುವು! ಇಗರ್ಜಿಯಲ್ಲಿ ದೇವರಿಗೆ ಸ್ತೋತ್ರ ಸಲ್ಲಿಸುವುದು ಸುಲಭ. ಎದುರು ಬಾಗಿಲು ತಟ್ಟುವುದೇ ಕಷ್ಟ. ಲೂಕನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ ಗುಣಹೊಂದಿದ ಕುಷ್ಠರೋಗಿಗಳು ಹತ್ತು ಮಂದಿ. ಹಿಂದಿರುಗಿ ಬಂದವನು ಒಬ್ಬನೇ, ಅವನೂ ಪರಕೀಯನಾದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರಿರಲಾರರು; ನಮ್ಮಂತೆಯೇ “ನಾಳೆ ಹೋಗೋಣ” ಎಂದುಕೊಂಡಿರಬೇಕು.

ರಾತ್ರಿಯೇ ಹೋಗಿ ಕರೆದೆವು. ಮಾವಶಿ ಒಪ್ಪಿದರು, ಆದರೆ ಮರುದಿನ ಗುರುವಾರ, ಅವರು ಮಾಂಸ ಮುಟ್ಟುವುದಿಲ್ಲ. ಕೋಳಿ ಸಾರಿನ ಸಂಭ್ರಮದಲ್ಲಿದ್ದ ಅಡಿಗೆಮನೆಯಲ್ಲಿ ಬೇರೆ ಒಲೆ, ಬೇರೆ ಸೌಟು, ಕಡಲೆ–ತೊಂಡೆಕಾಯಿ ಪಲ್ಯ. ಅಕ್ಕ ಗೊಣಗಿದಳು, ಪಲ್ಯವನ್ನು ಮಾತ್ರ ಬಹಳ ಚೆನ್ನಾಗಿ ಮಾಡಿದಳು.

ಊಟಕ್ಕೆ ಮುಂಚೆ ತಂದೆಯವರು ಪ್ರಾರ್ಥನೆ ಮಾಡಬೇಕು. ಮಾಡುವರೋ ಇಲ್ಲವೋ ಎಂಬ ಅಳುಕು ನಮಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಪರಂಪರೆಯ ಸಭೆಯಲ್ಲಿ ಬೆಳೆದವರು ಅವರು. ಅಲ್ಲಿಯ ಬೆಳೆ ಹಬ್ಬದಲ್ಲಿ ಭತ್ತ, ತೆಂಗಿನಕಾಯಿ, ಕುಂಬಳಕಾಯಿ, ಕೋಳಿ ಎಲ್ಲವನ್ನೂ ದೇವಾಲಯಕ್ಕೆ ತಂದು ಒಪ್ಪಿಸಿ ಏಲಂ ಕೂಗುತ್ತಾರೆ. ಮೋಘಮ್ಮಾಗಿ ಸ್ತೋತ್ರ ಹೇಳಿ ಅವರಿಗೆ ಗೊತ್ತಿಲ್ಲ. ಏಲಂ ಪಟ್ಟಿಯಂತೆ ಒಂದೊಂದನ್ನೂ ಹೆಸರಿಸಬೇಕು. ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ಅಕ್ಕಿ, ನೀರು, ಅಡಿಗೆ ಮಾಡಿದವರು, ಐವತ್ತೆರಡು ವರುಷ ಜೊತೆಗಿದ್ದ ಅಮ್ಮ, ಇಷ್ಟನ್ನು ಹೇಳಿ, “ನಾವು ಆಸ್ಪತ್ರೆಯಲ್ಲಿದ್ದಾಗ ನಮಗೆ ಅನ್ನವಿಟ್ಟ ಮಾವಶಿಯವರ ಕೈಗಳಿಗಾಗಿ” ಎಂದರು.

ಮಾವಶಿಗೆ ಕನ್ನಡ ಬಾರದು. ತಮ್ಮನ್ನು ಕರೆದುದು ಕೇಳಿ ಕಣ್ಣು ತೆರೆದು ನೋಡಿದರು. ಮಗಳು ಪಿಸುಮಾತಿನಲ್ಲಿ ಮರಾಠಿಯಲ್ಲಿ ತಿಳಿಸಿದಳು. ಅವರು ಸೆರಗಿನಿಂದ ಕಣ್ಣೊರಸಿಕೊಂಡು, ಆಮ್ಟಿಗೆ ಆಗ ಉಪ್ಪು ಸರಿಯಿತ್ತೇ ಎಂದು ಕೇಳಿದರು.

ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದಲ್ಲಿ ಕೃತಜ್ಞತೆಯ ಮಾತು ಬರುತ್ತದೆ. ಅಲ್ಲಿ ಹೇಳಿರುವುದು ಎಲ್ಲ ಸ್ಥಿತಿಯಲ್ಲಿಯೂ ಸ್ತೋತ್ರ ಮಾಡಿರೆಂದು, ಅಮ್ಮನ ಸಾವಿಗಾಗಿ ಸ್ತೋತ್ರ ಮಾಡೆಂದಲ್ಲ ಎಂದು ತಂದೆಯವರು ಆ ಸಂಜೆ ನಮಗೆ ಹೇಳಿದರು.

ಅಟ್ಟದಿಂದ ಡಬ್ಬಿಗಳನ್ನು ಇಳಿಸಿ ತೊಳೆದು, ಕಲ್‌ಕಲ್ ತುಂಬಿ ಎದುರುಮನೆಗೆ ಕೊಟ್ಟೆವು. ಮರುದಿನ ಬೆಳಿಗ್ಗೆ ಒಂದು ಡಬ್ಬಿ ಎಳ್ಳುಂಡೆ ತುಂಬಿಕೊಂಡು ಹಿಂದಿರುಗಿ ಬಂತು.