ಎ.ಎನ್.ಎಂ. ಆಯಿತು, ಮುಂದೇನು?

ಎ.ಎನ್.ಎಂ. ಮುಗಿಸಿದ ಮಗಳು ಸ್ಟಾಫ್ ನರ್ಸ್ ಆಗಬಹುದೇ ಎಂದು ಕೇಳುವ ತಂದೆ ತಾಯಿಯರು ಹಲವರು. ಧಾರಾಳವಾಗಿ ಆಗಬಹುದು. ಆದರೆ ವರ್ಷಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಎ.ಎನ್.ಎಂ. 2 ವರ್ಷದ ತರಬೇತಿ. ಲಸಿಕೆ, ಗರ್ಭಿಣಿ-ಬಾಣಂತಿಯರ ಆರೈಕೆ, ಹಳ್ಳಿಯ ಉಪಕೇಂದ್ರದ ಕೆಲಸ ಇದರ ಜೀವಾಳ. ಇದರ ನೋಂದಣಿಯೇ ಬೇರೆ, ನರ್ಸ್ ನೋಂದಣಿಯೇ ಬೇರೆ. ಎರಡನೆಯದಕ್ಕೆ 3 ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಅಥವಾ 4 ವರ್ಷದ ಬಿ.ಎಸ್ಸಿ. ನರ್ಸಿಂಗ್ ಬೇಕು.

ಜಿ.ಎನ್.ಎಂ.ಗೆ ಸಾಮಾನ್ಯವಾಗಿ ಪಿ.ಯು.ಸಿ.ಯಲ್ಲಿ ಶೇ. 40 ಅಂಕ ಕೇಳುತ್ತಾರೆ. ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ನಿಯಮದಲ್ಲಿ ನೋಂದಾಯಿತ ಎ.ಎನ್.ಎಂ.ಗಳಿಗೆ ಪಾಸಿನ ಅಂಕ ಸಾಕು. ರಿಯಾಯಿತಿ ಅಲ್ಲಿಗೇ ಮುಗಿಯಿತು! ನೂರಾರು ಮಕ್ಕಳಿಗೆ ಲಸಿಕೆ ಹಾಕಿ ಪಳಗಿದ ಕೈಯೂ ಮೊದಲ ವರ್ಷದಿಂದಲೇ ಕಲಿಯಬೇಕು. ನನಗಂತೂ ಇದು ನ್ಯಾಯವೆನಿಸದು.

ಆಮೇಲೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಇದೆ. ಅದಕ್ಕೆ ಪಿ.ಯು.ಸಿ. ಪಾಸಾಗಿರಬೇಕು, ನರ್ಸ್ ನೋಂದಣಿಯೂ ಇರಬೇಕು. ನೇರ ಬಿ.ಎಸ್ಸಿ.ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕಾದ್ದರಿಂದ, ಕಲಾ ಮತ್ತು ವಾಣಿಜ್ಯ ವಿಭಾಗದ ಹುಡುಗಿಯರು ಜಿ.ಎನ್.ಎಂ. ಮಾಡಿ ಪದವಿ ತಲುಪುವ ದಾರಿ ಇದೇ.

ಎ.ಎನ್.ಎಂ.ನಿಂದ ಹೊರಟರೆ ಪದವಿಗೆ ಒಟ್ಟು 7 ವರ್ಷ. ನೇರವಾಗಿ ಹೋದರೆ 4. ವಿಜ್ಞಾನ ಓದಿ ಒಳ್ಳೆಯ ಅಂಕ ತೆಗೆದ ಮಗಳನ್ನು 'ಎರಡೇ ವರ್ಷ, ಬೇಗ ಕೆಲಸ' ಎಂದು ಎ.ಎನ್.ಎಂ.ಗೆ ಕಳಿಸುವವರು ಈ ಮೂರು ವರ್ಷಗಳ ಅಂತರವನ್ನು ಗಮನಿಸಲಿ. ಮನೆಯ ಪರಿಸ್ಥಿತಿ ಬೇಗ ಸಂಬಳ ಬಯಸುವುದಾದರೆ ಮಾತು ಬೇರೆ. ಯಾವುದಕ್ಕೇ ಸೇರಿಸಿ, ಶುಲ್ಕ ಕಟ್ಟುವ ಮುನ್ನ ಆ ಶಾಲೆಗೆ ಮಾನ್ಯತೆ ಇದೆಯೇ ಎಂದು ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ವಿಚಾರಿಸಿ.