ವಿಕಲಚೇತನ ವಿದ್ಯಾರ್ಥಿಗಳಿಗೆ ಬೇಕಾದುದು ಆವರ್ತಕ ನೆರವು

ಕಟ್ಟಡ ಮತ್ತು ಯಂತ್ರಗಳಿದ್ದ ಮಾತ್ರಕ್ಕೆ ಕಾರ್ಖಾನೆ ನಡೆಯುವುದಿಲ್ಲವೆಂಬುದು ಉದ್ಯಮಿಗಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಬಂಡವಾಳ ಹೂಡಿಯೂ ದುಡಿಯುವ ಬಂಡವಾಳದ ಕೊರತೆಯಿಂದ ಬಾಗಿಲು ಮುಚ್ಚಿದ ಘಟಕಗಳನ್ನು ಎಲ್ಲರೂ ಕಂಡಿದ್ದಾರೆ. ಪದವಿ ತರಗತಿಗಳಿಗೆ ಸೇರುವ ವಿಕಲಚೇತನ ಹಾಗೂ ದೀರ್ಘಕಾಲದ ಕಾಯಿಲೆಯುಳ್ಳ ಅನೇಕ ವಿದ್ಯಾರ್ಥಿಗಳ ಸ್ಥಿತಿಯೂ ಇಂತಹುದೇ ಆಗಿದೆ. ಪ್ರವೇಶ ದೊರೆತಿರುತ್ತದೆ, ಪದವಿಯವರೆಗೆ ಕೊಂಡೊಯ್ಯುವ ಆವರ್ತಕ ವೆಚ್ಚಕ್ಕೆ ಹೊಣೆಗಾರರು ಇರುವುದಿಲ್ಲ.

ಕಾನೂನು ಈ ದಿಸೆಯಲ್ಲಿ ಗಣನೀಯವಾಗಿ ಮುಂದುವರಿದಿದೆ. 1995ರ ಅಧಿನಿಯಮವು ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 3ರಷ್ಟು ಸ್ಥಾನಗಳನ್ನು ಕಾಯ್ದಿರಿಸಿತ್ತು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಇದನ್ನು ಶೇಕಡಾ 5ಕ್ಕೆ ಏರಿಸಿ, ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ನೀಡಿತು. ವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿ, ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಗಳೂ ಸೇರಿದವು. ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲಾವಕಾಶವನ್ನು 2018ರ ಕೇಂದ್ರ ಮಾರ್ಗಸೂಚಿ ನಿಗದಿಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ, ವೈಕಲ್ಯವು ಶೇಕಡಾ 40ಕ್ಕಿಂತ ಕಡಿಮೆಯೆಂಬ ಕಾರಣಕ್ಕೆ ಲಿಪಿಕಾರರ ನೆರವನ್ನು ನಿರಾಕರಿಸಲಾಗದೆಂದು ತೀರ್ಪಿತ್ತಿತು.

ಆದರೆ ಅಧಿನಿಯಮದ ಪುಟಗಳಿಗೂ ತರಗತಿಯ ಕೋಣೆಗೂ ನಡುವೆ ಅಂತರವಿದೆ. ಮೂತ್ರಪಿಂಡ ವೈಫಲ್ಯವು ಆ 21ರ ಪಟ್ಟಿಯಲ್ಲಿಲ್ಲ. ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ ವಿದ್ಯಾರ್ಥಿಗೆ ಆರು ದಿನಗಳ ವಾರದಲ್ಲಿ ಎರಡು ದಿನ ತಪ್ಪಿದರೆ ಹಾಜರಾತಿ ಶೇಕಡಾ 67ಕ್ಕೆ ಇಳಿಯುತ್ತದೆ. ಬೇಕಾದುದು ಸಾಮಾನ್ಯವಾಗಿ ಶೇಕಡಾ 75. ಬುದ್ಧಿಯಲ್ಲಿ ಕೊರತೆಯಿಲ್ಲದಿದ್ದರೂ ಲೆಕ್ಕದಲ್ಲಿ ಆತ ಅನುತ್ತೀರ್ಣನಾಗುತ್ತಾನೆ. ದೃಷ್ಟಿಹೀನ ವಿದ್ಯಾರ್ಥಿನಿಗೆ ಗಣಕಯಂತ್ರದ ತೆರೆಯನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಆದರೆ ಕನ್ನಡದ ಟಿಪ್ಪಣಿಗಳು ಯೂನಿಕೋಡ್‌ನಲ್ಲಿರದೆ ಹಳೆಯ ಫಾಂಟುಗಳಲ್ಲಿದ್ದರೆ ಅದು ಓದುವುದು ಅರ್ಥವಿಲ್ಲದ ಅಕ್ಷರಗಳನ್ನು ಮಾತ್ರ. ಬೆರಳಚ್ಚಿನ ವೆಚ್ಚ, ಆಟೋ ಬಾಡಿಗೆ, ಲಿಪಿಕಾರರ ಪ್ರಯಾಣ ವೆಚ್ಚ, ಔಷಧ ಇವೆಲ್ಲ ಸಣ್ಣ ಮೊತ್ತಗಳು. ಆದರೆ ಪ್ರತಿ ತಿಂಗಳೂ ಬರುವಂತಹವು.

ವರ್ತಕ ಸಮುದಾಯದ ಔದಾರ್ಯಕ್ಕೆ ಕೊರತೆಯಿಲ್ಲ. ಕಾಲೇಜಿಗೆ ಇಳಿಜಾರು ದಾರಿ ಕಟ್ಟಿಸಿ, ದಾನಿಗಳ ಹೆಸರಿನ ಫಲಕ ಹಾಕಿಸುವುದು ಸುಲಭ. ಅದು ಅವಶ್ಯಕವೂ ಹೌದು. ಆದರೆ ಆ ದಾರಿಯವರೆಗೆ ಗಾಲಿಕುರ್ಚಿಯಲ್ಲಿ ಬರಲು ಬೇಕಾದ ದಿನದ ಬಾಡಿಗೆಗೆ ಫಲಕವಿಲ್ಲ. ದಾನವೆಲ್ಲವೂ ಬಂಡವಾಳ ವೆಚ್ಚವಾಗಿ, ಅಗತ್ಯವೆಲ್ಲವೂ ಆವರ್ತಕ ವೆಚ್ಚವಾಗಿದ್ದರೆ ತಃಖ್ತೆ ಸರಿದೂಗುವುದಾದರೂ ಹೇಗೆ?

ಇದು ಸರ್ಕಾರದ ಹೊಣೆ, ತೆರಿಗೆ ಕಟ್ಟುವವರೇ ಮತ್ತೆ ಭಾರ ಹೊರಬೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಹೊಣೆ ಸರ್ಕಾರದ್ದು ಹಾಗೂ ವಿಶ್ವವಿದ್ಯಾಲಯದ್ದು; ಹಾಜರಾತಿಯ ರಿಯಾಯಿತಿಯನ್ನು ಯಾವ ದಾನಿಯೂ ಕೊಡಲಾರನು. ಆದರೆ ಆಡಳಿತ ಮಂಡಳಿಗಳಲ್ಲಿ ಕುಳಿತಿರುವ ಉದ್ಯಮಿಗಳು ಅದನ್ನು ಕೇಳಬಲ್ಲರು. ಅಲ್ಲದೆ, ಕಡತ ಇತ್ಯರ್ಥವಾಗುವವರೆಗೆ ಸೆಮಿಸ್ಟರ್ ಕಾಯುವುದಿಲ್ಲ. ವಿದ್ಯಾರ್ಥಿಯ ಕೈಗೆ ನೇರವಾಗಿ ಕೊಟ್ಟ ಹಣಕ್ಕೆ ದಾನಿಗೆ ತೆರಿಗೆ ಕಡಿತ ದೊರೆಯದೆಂಬುದನ್ನೂ ಮೊದಲೇ ತಿಳಿದಿರುವುದು ಒಳಿತು.

ಜಿಲ್ಲಾ ವಾಣಿಜ್ಯ ಸಂಸ್ಥೆಗಳು ಮೂರು ಕಾರ್ಯಗಳನ್ನು ಕೈಗೊಳ್ಳಬಹುದು. ಮೊದಲನೆಯದಾಗಿ, ಒಮ್ಮೆ ಕೊಟ್ಟು ಮರೆಯುವ ಚೆಕ್ಕಿನ ಬದಲು, ಒಬ್ಬ ವಿದ್ಯಾರ್ಥಿಯ ಪದವಿಯ ಪೂರ್ಣಾವಧಿಗೆ ಮಾಸಿಕ ನೆರವಿನ ಲಿಖಿತ ಭರವಸೆ. ಎರಡನೆಯದಾಗಿ, ಲೆಕ್ಕಪತ್ರ ಪತ್ರಿಕೆಗಳಿಗೆ ನಿಯಮಾನುಸಾರ ಅರ್ಹರಾದ ಲಿಪಿಕಾರರ ಪಟ್ಟಿ. ಹೇಳಿದ್ದನ್ನು ಕೇಳಿ ಖರ್ಚು ಜಮೆಯ ಅಂಕಣಗಳನ್ನು ತಪ್ಪಿಲ್ಲದೆ ತುಂಬಬಲ್ಲ ಯುವಕರು ವರ್ತಕರ ಮನೆಗಳಲ್ಲಿ ಇಲ್ಲದೆ ಇಲ್ಲ. ಮೂರನೆಯದಾಗಿ, ಓದಿನ ಅವಧಿಯಲ್ಲಿಯೇ ಕಚೇರಿ ತರಬೇತಿ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಘಟಕಗಳು ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕೆಂದು 2017ರ ನಿಯಮಾವಳಿ ಹೇಳುತ್ತದೆ. ಆ ನೀತಿ ಕಡತದಲ್ಲಿಯೇ ಉಳಿಯದೆ ಒಂದು ಮೇಜು, ಒಂದು ಕುರ್ಚಿಯ ರೂಪ ತಾಳಬೇಕು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ 13 ಲಕ್ಷಕ್ಕೂ ಅಧಿಕ ವಿಕಲಚೇತನರಿದ್ದರು. ಅವರಲ್ಲಿ ಕಾಲೇಜಿನ ಮೆಟ್ಟಿಲನ್ನು ತಲುಪುವವರೇ ಕೆಲವರು. ಅಷ್ಟು ದೂರ ಬಂದವರು ಆಟೋ ಬಾಡಿಗೆಯ ಕೊರತೆಯಿಂದ ಎರಡನೆಯ ವರ್ಷದಲ್ಲಿ ಹಿಂದಿರುಗುವುದು ಸಮಾಜದ ಪಾಲಿಗೆ ವಸೂಲಾಗದ ನಷ್ಟ. ವರ್ಷಾಂತ್ಯದ ವರದಿಯಲ್ಲಿ ಎಷ್ಟು ಹಣ ಕೊಡಲಾಯಿತು ಎಂಬುದರ ಜೊತೆಗೆ ಎಷ್ಟು ಮಂದಿ ಪದವಿ ಪೂರೈಸಿದರು ಎಂಬ ಅಂಕಣವನ್ನೂ ಸೇರಿಸಿದಾಗಲೇ ದಾನದ ಲೆಕ್ಕ ಪರಿಶೋಧನೆ ಪೂರ್ಣವಾಗುತ್ತದೆ.